ಗೋಡೆಗೆ ಏರಿದ ಮೇಲೇ ಕಣ್ಣು

ಬಲಗೈ ಕಿರುಬೆರಳಿನ ಉಗುರನ್ನು ಡ್ರಾಯಿಂಗ್ ಮೇಷ್ಟ್ರು ಅರ್ಧ ಅಂಗುಲ ಬೆಳೆಸಿದ್ದರು. ಎತ್ತಿನ ಕೊಂಬಿನ ಹಾಗೆ ದಪ್ಪ, ಹಳದಿ, ತುದಿಯಲ್ಲಿ ಸದಾ ಒಂದಿಷ್ಟು ನೀಲಿ ಬಣ್ಣ. ಪಟ ಬರೆಯುವಾಗ ಆ ಉಗುರನ್ನು ಪಟದ ಬಟ್ಟೆಯ ಮೇಲೆ ಊರಿ, ನಮ್ಮ ಬಡಗಿಗಳ ಕೈವಾರದಂತೆ ಇಡೀ ಕೈಯನ್ನು ಅದರ ಮೇಲೆ ತಿರುಗಿಸುತ್ತಿದ್ದರು.

ಅವರು ಮಳವಳ್ಳಿ ಮಿಡ್ಲ್ ಸ್ಕೂಲಿನಲ್ಲಿದ್ದರು. ನನ್ನ ಅಂಗಡಿ ಮದ್ದೂರಿನಲ್ಲಿ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಅದಕ್ಕೆ ಯಾರ ಮುಂದೂ ಕುಗ್ಗಿದವನಲ್ಲ. ನಾನು ಕೂರಿಸಿದ ಬಾಗಿಲುಗಳು ಇವತ್ತಿಗೂ ಸದ್ದಿಲ್ಲದೆ ಮುಚ್ಚುತ್ತವೆ. ಪಟಕ್ಕೆ ಚೌಕಟ್ಟು ಮಾಡಿಸಲು ಬಂದ ಮೇಷ್ಟ್ರು ನಾನು ಮಾಡಿಟ್ಟಿದ್ದ ಒಂದು ಚೌಕಟ್ಟಿನ ಮೂಲೆಗಳ ಮೇಲೆ ಉಗುರು ಎಳೆದು, "ಒಂದು ಮೂಲೆ ಬಾಯಿ ಬುಟ್ಟೈತಲ್ಲಯ್ಯ" ಅಂದರು. ನನಗೆ ಸಿಟ್ಟು ಬಂತು. "ಬ್ಯಾರೆ ಬಡಗಿ ನೋಡ್ಕಳಿ" ಅಂದೆ. "ನೋಡ್ಬುಟ್ಟೇ ಬಂದೆ. ಅವ್ನ್ದು ನಾಕು ಮೂಲೆನೂ ಬುಟ್ಟೈತೆ" ಅಂದರು. ಅವತ್ತಿನಿಂದ ಅವರ ಚೌಕಟ್ಟೆಲ್ಲ ನನ್ನದೇ.

ಅವರದು ಗುಡಿಗಳಲ್ಲಿ ದೇವರ ಪಟ ಬರೆಯುತ್ತಿದ್ದ ವಂಶ. ಮುಖ, ಸೀರೆ, ಒಡವೆ ಎಲ್ಲ ಮುಗಿಸಿದರೂ ಕಣ್ಣು ಬರೆಯುತ್ತಿರಲಿಲ್ಲ. ಪಟ ತನ್ನ ಗೋಡೆಗೆ ಏರಿದ ಮೇಲೇ ಕಣ್ಣು. "ಕಣ್ಣು ಬುಟ್ಟ ಮ್ಯಾಲೆ ಮೂಟೆ ಥರ ಹೊತ್ಕಂಡು ತಿರುಗಬಾರ್ದು. ದಾರೀಲಿ ಏನೇನೋ ನೋಡ್ಬುಡ್ತದೆ" ಅನ್ನುತ್ತಿದ್ದರು. ಹೊಸ ಕಾಲದ ಪಟಕ್ಕೂ, ಮನುಷ್ಯರ ಪಟಕ್ಕೂ ಅದೇ ಕಟ್ಟಳೆ.

ಎರಡನೇ ಮಹಾಯುದ್ಧದ ಕಾಲ. ಮೈಸೂರಿನ ಕಾಲೇಜೊಂದರ ಹಾಲ್‌ನಲ್ಲಿ ಪಟಗಳ ಪ್ರದರ್ಶನ ಇಟ್ಟು, ಹಳ್ಳಿಗಾಡಿನ ಡ್ರಾಯಿಂಗ್ ಮೇಷ್ಟ್ರುಗಳಿಗೂ ಒಂದೊಂದು ಪಟ ತನ್ನಿ ಎಂದು ಹೇಳಿ ಕಳಿಸಿದ್ದರು. ಇಪ್ಪತ್ತು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂಜಿ ಬರೆಸಿದ ಮನುಷ್ಯನನ್ನು ಮೊದಲ ಸಲ ಯಾರೋ ಕರೆದಿದ್ದರು. ಅವರು ಬೆಸಗರಹಳ್ಳಿಯ ನಮ್ಮ ಮನೆಗೆ ಬಂದು ನಮ್ಮವ್ವನನ್ನು ಬರೆದರು. ಮೊರದಲ್ಲಿ ರಾಗಿ ಕೇರುತ್ತಾ ಕೂತವಳು, ಬಾಗಿಲಿಗೆ ಯಾರೋ ಬಂದರು ಅಂತ ತಲೆ ಎತ್ತಿದ ಗಳಿಗೆ. ಕಣ್ಣಿನ ಜಾಗ ಮಾತ್ರ ಖಾಲಿ.

ಒಂದೇ ತೊಡಕು. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಚಳಿಜ್ವರ ಮನೆಮನೆಗೂ ಬಂದಿತ್ತು. ಮೇಷ್ಟ್ರಿಗೆ ದಿನ ಬಿಟ್ಟು ದಿನ, ಹೊತ್ತು ನೆತ್ತಿಯಿಂದ ಇಳಿಯುವಾಗ ನಡುಕ ಹಿಡಿಯುತ್ತಿತ್ತು. ಅದರ ಮದ್ದು ಕ್ವಿನೈನು ಯುದ್ಧದಿಂದಾಗಿ ಎಲ್ಲೂ ಸಿಗುತ್ತಿರಲಿಲ್ಲ. ಪ್ರದರ್ಶನ ಶುರುವಾಗುವ ದಿನ ಜ್ವರದ ದಿನವೇ ಆಗಿತ್ತು. "ಬೆಳಿಗ್ಗೇನೆ ಕಣ್ಣು ಬುಟ್ಬುಡ್ತೀನಿ, ಆಮ್ಯಾಕೆ ಎಷ್ಟ್ ಬೇಕಾದ್ರೂ ನಡುಗ್ಲಿ" ಅಂದರು.

ಅವತ್ತು ಪಟ ಹೊತ್ತುಕೊಂಡು ನಾನೂ ಅವರ ಜೊತೆ ಮೈಸೂರು ರೈಲು ಹತ್ತಿದೆ. ಅದು ಮಂಡ್ಯದಲ್ಲಿ ನಿಂತುಬಿಟ್ಟಿತು. ಮಿಲಿಟರಿ ಗಾಡಿಗೆ ದಾರಿ ಬಿಡಬೇಕಂತೆ. ಬಿಸಿಲು ಪ್ಲಾಟ್‌ಫಾರಂ ಮೇಲೆ ಸರಿಯುವುದನ್ನೇ ನೋಡುತ್ತಾ ಮೇಷ್ಟ್ರು ಕೂತಿದ್ದರು. ಒಂದು ಸಲ ಕೈ ಚಾಚಿ, "ಅದುರ್ತಾ ಐತಾ ನೋಡು" ಅಂದರು. ಅದುರುತ್ತಿರಲಿಲ್ಲ.

ಕಾಲೇಜಿನ ಹಾಲ್ ಸೇರುವಾಗ ಮಧ್ಯಾಹ್ನ. ಪಟ ತೂಗುಹಾಕಿದೆವು. ಉಸ್ತುವಾರಿಯ ಪ್ರೊಫೆಸರು ಬಂದು ನಿಂತರು.

"ಏನ್ರೀ ಇದು, ಕಣ್ಣೇ ಇಲ್ಲ?"

"ಈಗ ಬುಡ್ತೀನಿ ಸ್ವಾಮಿ."

"ಜಮಖಾನ ಹಾಸಿಯಾಗಿದೆ. ಬಣ್ಣಗಿಣ್ಣ ಒಳಗೆ ಬೇಡ."

"ಕಣ್ಣಿಲ್ದೆ ಅವಳು ಹೆಂಗ್ ನೋಡ್ತಾಳೆ?"

"ನೋಡಬೇಕಾದ್ದು ನಾವು ರೀ, ಅವಳಲ್ಲ."

ಮೇಷ್ಟ್ರು ಜಾಗ ಬಿಡಲಿಲ್ಲ. ಕೊನೆಗೆ ಪ್ರೊಫೆಸರು, "ಉದ್ಘಾಟನೆಗೆ ಬರೋ ಅತಿಥಿಗಳ ಕಾರು ಬರೋವರೆಗೆ ಅಷ್ಟೆ" ಎಂದು ಹೋದರು.

ಒಂದು ಕಣ್ಣು ಆಯಿತು. ಎರಡನೆಯದಕ್ಕೆ ಕುಂಚ ಎತ್ತುವಾಗ ಮೇಷ್ಟ್ರ ಹಲ್ಲು ಕಟಕಟ ಅಂದವು. "ಹಿಡ್ಕಳಯ್ಯ" ಅಂದರು. ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದೆ. ಕೊಯ್ಯುವಾಗ ಹಲಗೆ ಅದುರಿದರೆ ಮೊಣಕಾಲಲ್ಲಿ ಒತ್ತಿ ನಿಲ್ಲಿಸಬಹುದು. ಮನುಷ್ಯನ ಒಳಗಿನ ನಡುಕ ನನ್ನ ತೋಳಿಗೇ ಏರಿತು. ಉಗುರು ಬಟ್ಟೆಯ ಮೇಲೆ ಒಂದು ಕಡೆ ನಿಲ್ಲದು. ಕುಂಚದ ತುದಿ ಅವ್ವನ ಕೆನ್ನೆಯಿಂದ ಕೂದಲೆಳೆ ದೂರ. ಹೊರಗೆ ಕಾರಿನ ಹಾರನ್ನು ಕೇಳಿತು.

"ಬುಡು" ಅಂದರು. ಕುಂಚವನ್ನು ಹಿಂದಕ್ಕೆಳೆದು, ಪಟವನ್ನು ಗೋಡೆಯ ಕಡೆಗೆ ಮಗುಚಿ ತೂಗುಹಾಕಿಸಿದರು. ಒಕ್ಕಣ್ಣು ಬಿಟ್ಟ ಮುಖವನ್ನು ಅವರು ಯಾರಿಗೂ ತೋರಿಸುವವರಲ್ಲ.

ಅತಿಥಿಗಳು ಪಟಗಳನ್ನು ನೋಡುತ್ತಾ ಬಂದು ನನ್ನ ಚೌಕಟ್ಟಿನ ಬೆನ್ನಿನ ಮುಂದೆ ನಿಂತರು. "ಇದೇನು, ಹಲಗೆ?" ಜೊತೆಗಿದ್ದವರು ನಕ್ಕರು. ಪ್ರೊಫೆಸರ ಮುಖ ಕೆಂಪಾಯಿತು. ಮೂಲೆಯಲ್ಲಿ ನನ್ನ ಕಂಬಳಿ ಹೊದ್ದು ಕೂತಿದ್ದ ಮೇಷ್ಟ್ರು ಎದ್ದು ನಿಂತು, "ಅದು ಇನ್ನೂ ನೋಡಾಕೆ ಸುರು ಮಾಡಿಲ್ಲ ಬುದ್ಧಿ. ನಾಳೆ ಬನ್ನಿ" ಅಂದರು.

"ನಾಳೆ ನನಗೆ ಪುರಸೊತ್ತಿಲ್ಲ" ಎಂದು ಅತಿಥಿಗಳು ಮುಂದೆ ಹೋದರು. ಪ್ರೊಫೆಸರು ಮಾತ್ರ ಹಿಂದೆ ಉಳಿದು, "ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ಕಣ್ಣು ಇರಬೇಕು. ಇಲ್ಲಾ ಪಟ ಇರಬಾರದು" ಅಂದರು.

ಮೇಷ್ಟ್ರು ಅಲ್ಲೇ ಕಾಲೇಜಿನ ಜಗುಲಿಯಲ್ಲಿ ಮಲಗಿದರು. ಮೈ ಕಾದ ಹೆಂಚಾಗಿತ್ತು. "ಆ ನೋಟ ಜ್ವರದಲ್ಲಿ ಎಲ್ಲೋ ಕಳ್ದೋಯ್ತು ಕಣಯ್ಯ. ಅವ್ವನ್ನ ಕರ್ಕಂಬಾ" ಅಂದರು. ಸಂಜೆ ಗಾಡಿಗೆ ಊರಿಗೆ ಬಂದೆ. ಅವ್ವ ಮೊದಲು ಬೈದಳು. "ಕಣ್ ಬರ್ಯಾಕೆ ನನ್ನ ಮೈಸೂರ್ಗಂಟ ಎಳೀತೀಯೇನ್ಲಾ? ಅಷ್ಟ್ ದಿನ ಮುಂದೆ ಕೂತಿದ್ನಲ್ಲ, ಆಗೇನ್ ಕುರುಡಾಗಿತ್ತಾ ಅವುನ್ಗೆ?" ಆಮೇಲೆ ರೊಟ್ಟಿ ಕಟ್ಟಿಕೊಂಡಳು.

ಬೆಳಿಗ್ಗೆ ನಾನೂ ಅವ್ವನೂ ಕಾಲೇಜಿಗೆ ಹೋದಾಗ ಮೇಷ್ಟ್ರ ಮುಖ ಬೂದಿಯಾಗಿತ್ತು. ಜ್ವರವಿಲ್ಲದ ದಿನ, ಕೈ ನೆಟ್ಟಗಿತ್ತು. ಪಟವನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಅವ್ವನನ್ನು ಜಮಖಾನದ ಮೇಲೆ ಕೂರಿಸಿ, "ಬಾಗಲ ಕಡೆ ನೋಡವ್ವ" ಅಂದರು. ಅವ್ವ ನೋಡಿದಳು. ಅದಲ್ಲ. ಇನ್ನೊಂದು ಸಲ ನೋಡಿದಳು. ಅದೂ ಅಲ್ಲ. ನೋಡು ಅಂದರೆ ಬರುವ ನೋಟ ಅದಲ್ಲವಲ್ಲ. ಹೊರಗೆ ಜನ ಸೇರುವ ಸದ್ದು ಕೇಳುತ್ತಿತ್ತು. ಅವ್ವ ಬೇಸತ್ತು, ಸೆರಗಿಗೆ ಹತ್ತಿದ್ದ ರಾಗಿ ಹೊಟ್ಟು ಒದರಲು ತಲೆ ಬಗ್ಗಿಸಿದಳು. ಆಗ ಪ್ರೊಫೆಸರು ಬಾಗಿಲು ತಳ್ಳಿಕೊಂಡು ಬಂದರು, ಪಟ ಇಳಿಸಿ ಅನ್ನುವುದಕ್ಕೇ ಇರಬೇಕು. ಅವ್ವ ತಲೆ ಎತ್ತಿ, "ಬಾರಪ್ಪ, ಕೂತ್ಕ. ರೊಟ್ಟಿ ತಿಂತೀಯಾ?" ಅಂದಳು.

ಪ್ರೊಫೆಸರ ಹಾಲ್‌ನಲ್ಲಿ ಅವರನ್ನೇ ಉಪಚರಿಸಿದಳು. ಆ ಮನುಷ್ಯ ಜಮಖಾನದ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಮೇಷ್ಟ್ರು ಆ ನೋಟ ಹಿಡಿದು ಪಟದ ಮೇಲೆ ಉಗುರು ಊರಿದ್ದರು.

ಆ ಪಟಕ್ಕೆ ಬಹುಮಾನ ಬರಲಿಲ್ಲ. ಆ ಸಂಜೆ ಪ್ರದರ್ಶನ ಮುಗಿದ ಮೇಲೆ ಮೇಷ್ಟ್ರು ಅದನ್ನು ನಮ್ಮ ಮನೆಗೇ ಕೊಟ್ಟರು. ಕಣ್ಣು ಬಿಟ್ಟ ಪಟವಾದ್ದರಿಂದ ಮೂಟೆ ಕಟ್ಟಲು ಬಿಡದೆ, ರೈಲಿನಲ್ಲಿ ಕಿಟಕಿ ಪಕ್ಕ ನಿಲ್ಲಿಸಿ ಹೊರಗೆ ತೋರಿಸಿಕೊಂಡು ಬಂದರು. ಟಿಕೆಟ್ ಕಲೆಕ್ಟರು ಅವ್ವನನ್ನೂ ಪಟವನ್ನೂ ಎರಡು ಸಲ ನೋಡಿ ಹೋದ.

ಮುಂದಿನ ಮಳೆಗಾಲದಲ್ಲಿ ಜ್ವರ ನೆತ್ತಿಗೇರಿ ಮೇಷ್ಟ್ರು ಹೋದರು. ನನಗೆ ಸುದ್ದಿ ತಲುಪುವ ಹೊತ್ತಿಗೆ ಮಣ್ಣಾಗಿತ್ತು.

ಬಹಳ ವರ್ಷದ ಮೇಲೆ ಅವ್ವ ತೀರಿಕೊಂಡಾಗ ನೆಂಟರು ಪಟಕ್ಕೆ ಹಾಕಲು ಹಾರ ತಂದರು. ನಾನು ಬಿಡಲಿಲ್ಲ. "ಸತ್ತೋರ ಪಟಕ್ಕೆ ಹಾರ ಹಾಕ್ದೆ ಇರ್ತಾರೇನ್ಲಾ?" ಎಂದು ಸೋದರಮಾವ ಗದರಿದ.

"ಹಾರ ಅಡ್ಡ ಬಂದ್ರೆ ಬಾಗಿಲ್ಗೆ ಬಂದೋರು ಅವಳ್ಗೆ ಕಾಣಾಕಿಲ್ಲ" ಅಂದೆ.

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಒಬ್ಬ ಮೇಷ್ಟ್ರ ಹತ್ತಿರ ಕಲಿತದ್ದು ಅಷ್ಟು.