ಅಡ್ಡಗದ್ದೆಯ ಸಿಡುಕು ಮುಖಗಳು

ನಮ್ಮೂರು ಕಡಹಿನಬೈಲಿನಿಂದ ಹೊರಟಾಗ ನನ್ನ ಬ್ಯಾಗಿನಲ್ಲಿ ಒಂದು ಫೋಟೋ ಇತ್ತು, ಪಕ್ಕದಲ್ಲಿ ಮುಖ ಊದಿಸಿಕೊಂಡ ತಂಗಿ ವೀಣಾ ಇದ್ದಳು. ಫೋಟೋ ಅಡ್ಡಗದ್ದೆಯ ಗಂಡಿನ ಮನೆಯವರದು. ಹುಡುಗ ಶ್ರೀಧರ, ಅವನ ಅಪ್ಪ, ಅಮ್ಮ, ಅಜ್ಜಿ ಜಗಲಿಯ ಮುಂದೆ ಸಾಲಾಗಿ ನಿಂತಿದ್ದರು. ಎಲ್ಲರದೂ ಬಿಗಿದ ತುಟಿ, ಮೇಲೆತ್ತಿದ ಗಲ್ಲ, ಗಂಟಿಕ್ಕಿದ ಹುಬ್ಬು. ಅಜ್ಜಿಯಂತೂ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಈ ಮನೇಲಿ ನಗಾಡೋಕೂ ಅರ್ಜಿ ಹಾಕ್ಬೇಕೇನೋ ಅಕ್ಕಾ" ಎಂದಳು ವೀಣಾ.

ಅವಳು ನಕ್ಕರೆ ಮೂರು ಮನೆ ಆಚೆಗೂ ಕೇಳಿಸುತ್ತದೆ. ನಗದವರ ನಡುವೆ ಅವಳು ಒಂದು ವಾರವೂ ಬಾಳಲಾರಳು. ಜಾತಕ ಕೂಡಿತ್ತು, ಅಪ್ಪ ಅಂದು ಸಂಜೆಯೇ ಫೋನ್ ಮಾಡಿ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಗಂಡಿನ ಮನೆ ನೋಡಲು ಗಂಡಸರು ಹೋಗುವುದು ನಮ್ಮಲ್ಲಿ ವಾಡಿಕೆ. ಅಪ್ಪನಿಗೆ ಮಂಡಿನೋವು, ಹಾಗಾಗಿ ನಾನು. ಮುಖ ನೋಡಿ ಮನುಷ್ಯರನ್ನು ಅಳೆಯುವ ವಿಷಯದಲ್ಲಿ ನನಗೆ ಜಂಬವೂ ಇತ್ತು. 'ಮುಂಗೋಪಿಗಳು' ಎಂದು ತೀರ್ಪು ಕೊಟ್ಟೇ ಬಸ್ಸು ಹತ್ತಿದ್ದೆ.

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಒಂದು ಗಂಟೆಯ ತಿರುವು ದಾರಿ. ಜನವರಿಯ ಎಳೆ ಬಿಸಿಲು ಕಿಟಕಿಯಿಂದ ಮಡಿಲಿಗೆ ಬೀಳುತ್ತಿತ್ತು. ಕೊಪ್ಪದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬಿಸಿ ಬನ್ಸ್ ಸಿಕ್ಕಿತು. ಚಿಂತೆಯಲ್ಲಿದ್ದ ತಂಗಿ ಮೂರು ತಿಂದಳು. ಅಲ್ಲಿಂದ ಬಸ್ಸು ಬದಲಿಸಿ ಶೃಂಗೇರಿಗೆ ಬಂದು, ದೇವಿಯ ದರ್ಶನ ಮಾಡಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ದೇವಸ್ಥಾನದಲ್ಲೇ ಊಟ ಮುಗಿಸಿದೆವು.

ಮದುವೆ ನಿಶ್ಚಯವಾಗುವ ಮೊದಲು ಹುಡುಗಿ ಆ ಮನೆ ಮೆಟ್ಟಿಲು ಹತ್ತುವಂತಿಲ್ಲ. ಅವಳು ಹೊಳೆಯ ಮೆಟ್ಟಿಲ ಮೇಲೆ ಕಾಯುವುದೆಂದು ಮಾತಾಗಿತ್ತು. ನಾನು ಆಟೋ ಹತ್ತಿದ್ದೇ ತಡ, ಅವಳೂ ಒಳಗೆ ತೂರಿಕೊಂಡಳು. "ಮದುವೆ ಆಗೋಳು ನಾನಾ, ನೀನಾ?" ಎಂದಳು. ನಾನು ಸರಿದು ಜಾಗ ಬಿಟ್ಟೆ.

ಅಡ್ಡಗದ್ದೆಯಲ್ಲಿ ಶ್ರೀಧರನ ಅಪ್ಪ ಜಗಲಿಯಲ್ಲೇ ಕೂತಿದ್ದರು. ನಮ್ಮನ್ನು ನೋಡಿದ್ದೇ ಎದ್ದು ನಿಂತರು. ಅದೇ ಬಿಗಿದ ತುಟಿ, ಅದೇ ಗಲ್ಲ, ಅದೇ ಹುಬ್ಬು! "ಉಂ... ಉಂ..." ಎಂದು ಕುರ್ಚಿಯತ್ತ ಕೈ ತೋರಿಸಿದರು. ವೀಣಾ ನನ್ನ ಸೆರಗು ಜಗ್ಗಿದಳು. ಅಷ್ಟರಲ್ಲಿ ಅವರು ಸರಸರ ಅಂಗಳದ ಮೂಲೆಗೆ ಹೋಗಿ, ದಾಸವಾಳದ ಬುಡಕ್ಕೆ ಕೆಂಪಗೆ ಉಗಿದು, ಬಾಯಿ ಒರೆಸಿಕೊಳ್ಳುತ್ತಾ ಬಂದರು.

"ಬನ್ನಿ, ಬನ್ನಿ! ಬಾಯಿ ತುಂಬ ಎಲೆಯಡಿಕೆ ಕವಳ ಇತ್ತು ಮಾರಾಯ್ರೆ. ಮಾತಾಡಿದ್ರೆ ನಿಮ್ಮ ಸೀರೆ ಗತಿ ಮುಗೀತಿತ್ತು."

ನಾನು ಫೋಟೋ ತೆಗೆದೆ. ಒಳಗಿಂದ ಬಂದ ಶ್ರೀಧರನ ಅಮ್ಮ ಅದನ್ನು ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ, ಈ ಪಟ ಕಳ್ಸಿದ್ರಾ? ಪೂಜೆ ಊಟ ಆಗಿ ಎಲ್ರೂ ಕವಳ ಹಾಕ್ಕೊಂಡಿದ್ವಿ. ಫೋಟೋದವ ಬಸ್ಸಿಗೆ ಹೊತ್ತಾಯ್ತು ಅಂತ ಹಾಗೇ ನಿಲ್ಸಿಬಿಟ್ಟ."

"ನಂದು ಸಿಟ್ಟಲ್ಲ ಅಕ್ಕಾ, ನಗು ತಡ್ಕೊಂಡಿದ್ದು" ಎಂದ ಅವರ ಹಿಂದೆಯೇ ಬಂದ ಶ್ರೀಧರ. "ಅಪ್ಪ ಸೀನಿದ್ರು. ಫೋಟೋದವನ ಬಿಳಿ ಅಂಗಿ ಪೂರ್ತಿ ಕೆಂಪು!"

ಫೋಟೋವನ್ನು ಮತ್ತೆ ನೋಡಿದೆ. ಎಲ್ಲರ ಕೆನ್ನೆಯೂ ಉಬ್ಬಿತ್ತು. ಹುಡುಗನ ಕಣ್ಣಂಚಿನಲ್ಲಿ ನೆರಿಗೆ ಬಿದ್ದಿತ್ತು. ಅಜ್ಜಿಯ ಅಂಗೈ ಹಿಂದೆ ಇದ್ದದ್ದು ಶುದ್ಧ ನಗು. ನಮ್ಮ ಮನೆಯಲ್ಲೂ ಊಟವಾದ ಮೇಲೆ ಕಾಲು ಗಂಟೆ ಯಾರೂ ಬಾಯಿ ಬಿಡುವುದಿಲ್ಲ. ಆದರೂ ನನಗೆ ಹೊಳೆದಿರಲಿಲ್ಲವಲ್ಲ! ನನ್ನ ಜಂಬಕ್ಕೆ ನಾನೇ ನಕ್ಕೆ. ವೀಣಾ ನಕ್ಕಳು ನೋಡಿ, ಒಳಗೆ ಮಲಗಿದ್ದ ಅಜ್ಜಿ ಎದ್ದು ಬಂದು, "ಯಾರೇ ಅದು, ಇಷ್ಟು ಚಂದ ನಗಾಡಿದ್ದು?" ಎಂದು ಕೇಳಿದರು.

ಕಾಫಿಯ ನಂತರ ಕವಳದ ತಟ್ಟೆ ಬಂತು. ಅಜ್ಜಿ ತಾವೇ ಮಡಿಸಿಕೊಟ್ಟ ದೊಡ್ಡ ಕವಳವನ್ನು ವೀಣಾ ಬಾಯಿಗಿಟ್ಟಳು. ನನ್ನವರಿಂದ ಕೇಳಿ ತಂದಿದ್ದ ಡಿಜಿಟಲ್ ಕ್ಯಾಮೆರಾದಲ್ಲಿ ಅವಳನ್ನು ಮನೆಯವರ ಜೊತೆ ನಿಲ್ಲಿಸಿ ಒಂದು ಫೋಟೋ ತೆಗೆದುಕೊಂಡು ಹೊರಟೆವು. ದಾರಿಯುದ್ದಕ್ಕೂ ಅವಳು ಮಾತಾಡಿದ್ದು ಆ ಮನೆಯ ಬಗ್ಗೆಯೇ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಅಮ್ಮ ಕವಳ ಜಗಿಯುತ್ತಾ ಕ್ಯಾಮೆರಾದ ಪುಟ್ಟ ಪರದೆಗೆ ಕಣ್ಣು ಕೀಲಿಸಿದರು. ಗಲ್ಲ ಮೇಲೆತ್ತಿ, ಹುಬ್ಬು ಗಂಟಿಕ್ಕಿ ನಿಂತ ಮಗಳನ್ನು ನೋಡಿ ಗಾಬರಿಯಾಗಿ, ಹೊರಗೋಡಿ ಉಗಿದು ಬಂದರು.

"ಎಂತ ಆಯ್ತೇ ಕೂಸೆ? ಯಾರು ಎಂತ ಅಂದ್ರು ನಿಂಗೆ? ಇಷ್ಟು ಸಿಟ್ಟಾ?"

ವೀಣಾಳ ನಗು ಮೂರು ಮನೆ ದಾಟಿ ಹೋಯಿತು. ಕಣ್ಣು ಒರೆಸಿಕೊಳ್ಳುತ್ತಾ ಅಪ್ಪನ ಕಡೆ ತಿರುಗಿ ಹೇಳಿದಳು:

"ಅಪ್ಪಾ, ಫೋನ್ ಮಾಡು. ಹೂಂ ಅಂತ ಹೇಳು."