ಕಾಕಾಗೆ ಕೇಳಿಸಿದ ಮಾತು

ಮಿರಜದ ನಮ್ಮ ಓಣಿಗೆ ಕೇಬಲ್ ಬಂದ ಹೊಸದು. ಒಂದು ಭಾನುವಾರ ಮಧ್ಯಾಹ್ನ ಯಾವನೋ ಜನರಲ್‌ನ ಜೀವನದ ಮೇಲೆ ತೆಗೆದ ಹಳೆಯ ಇಂಗ್ಲಿಷ್ ಯುದ್ಧದ ಚಿತ್ರ ಹಾಕಿದ್ದರು. ಲೋಕವೆಲ್ಲ ಹೊಗಳಿದ ಚಿತ್ರ. ದಂಡಿನಿಂದ ನಿವೃತ್ತರಾಗಿದ್ದ ನಮ್ಮ ಕಾಕಾ ಅದನ್ನು ನೋಡಲೆಂದೇ ಬುಧಗಾಂವದಿಂದ ಬಸ್ ಹಿಡಿದು ಬಂದಿದ್ದರು. ಪ್ರತಿ ದೃಶ್ಯಕ್ಕೂ ಅವರದು ಒಂದೇ ತೀರ್ಪು: "ಸುಳ್ಳ."

ಕಾಲೇಜಿನ ಮರಾಠಿ ಪತ್ರಿಕೆಗೆ ಆ ಚಿತ್ರದ ವಿಮರ್ಶೆ ಬರೆಯಬೇಕಿದ್ದವನು ನಾನು. ಮೈ ಉರಿಯಿತು. ಪರದೆಯ ಮೇಲೆ ಸಾಯುತ್ತಿದ್ದ ಸಿಪಾಯಿಯೊಬ್ಬ ದೇಶದ ಬಗ್ಗೆ ಉದ್ದಕ್ಕೆ ಮಾತಾಡುತ್ತಿದ್ದ. ಕಾಕಾ ಮತ್ತೆ "ಸುಳ್ಳ" ಅಂದರು.

"ಹಂಗಾರ ಖರೇ ಏನ್ರಿ? ಸಾಯಾಂವ ಏನಂತಾನ?" ಎಂದು ಕೆಣಕಿದೆ.

"ಒಂದ ಮಾತ ಅಂತಾನ."

ದಂಡಿನಲ್ಲಿ ಅವರ ಜೋಡಿದಾರ, ಕಸಬೆ ಡಿಗ್ರಜದ ಮರಾಠಿಯವ, ಮಗುಚಿದ ಟ್ರಕ್ಕಿನಡಿ ಸಿಕ್ಕಿಬಿದ್ದಿದ್ದನಂತೆ. ಸುತ್ತ ಗುಂಡು. "ಓಢ, ಓಢ" ಎಂದು ಕೂಗಿದ. ಮರಾಠಿಯಲ್ಲಿ ಹಾಗೆಂದರೆ "ಎಳಿ". ಕಾಕಾಗೆ ಕೇಳಿಸಿದ್ದು ನಮ್ಮ ಕನ್ನಡದ "ಓಡು". ಓಡಿಬಿಟ್ಟರು.

"ನಿಮಗ ಮರಾಠಿ ಬರತಿತ್ತಲ್ರಿ?"

"ಬರತಿತ್ತು. ಅಂಜಿದಾಗ ಮನಿ ಮಾತ ಅಷ್ಟ ಕೇಳಸ್ತೈತಿ." ಆಮೇಲೆ ಹೇಳಿದರು: "ಅವನ ಆಯಿಗೆ, ನನ್ನ ತೊಡಿ ಮ್ಯಾಲ ಜೀವಾ ಬಿಟ್ಟಾ ಅಂತ ಹೇಳೇನಿ. ವರ್ಷಾ ದಿವಾಳಿಗೆ ಅಕಿ ಮನಿಗೆ ಹೊಕ್ಕೇನಿ. ಮಗಾ ಅಂತಾಳ. ಯಾರ ಮುಂದೂ ಆಡಬ್ಯಾಡ."

ನಾನು ಮರುದಿನವೇ ಬರೆದೆ. ಚಿತ್ರದ ಜನರಲ್‌ಗೆ ನಾಲ್ಕು ಸಾಲು, ಉಳಿದದ್ದೆಲ್ಲ ಕಾಕಾ. ಹೆಸರು ಹಾಕಲಿಲ್ಲ, ಊರುಗಳನ್ನು ಹಾಕಿದೆ. ಊರಿಲ್ಲದೆ ಆ ಜೋಕು ನಿಲ್ಲುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಹುಡುಗರು ಜೋರಾಗಿ ಓದಿಸಿ ನಕ್ಕರು. ಯಾರಾದರೂ ಬೈಕು ಶುರು ಮಾಡಿದರೆ ಸಾಕು, "ಓಢ, ಕಾಕಾ, ಓಢ!" ನಾಚಿಕೆ ಆಗಬೇಕಿತ್ತು. ನನಗೆ ಆದದ್ದು ಹೆಮ್ಮೆ.

ಡಿಗ್ರಜದಿಂದ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಪತ್ರಿಕೆಯನ್ನು ಊರಿಗೆ ಒಯ್ದು ಸತ್ತವನ ಮುದಿ ತಾಯಿಗೆ ಓದಿ ಹೇಳಿದಳು.

ದಿವಾಳಿಗೆ ಕಾಕಾ ಎಂದಿನಂತೆ ಹೋದರು. ಆಕೆ ಎಂದಿನಂತೆ ಮಣೆ ಹಾಕಿ, ಹೊಟ್ಟೆ ತುಂಬ ಬಡಿಸಿದಳು. ಕೈ ತೊಳೆಯಲು ನೀರನ್ನೂ ಕೊಟ್ಟಳು. ಆಮೇಲೆ ಅಂದಳು: "ಜೇವಲಾಸ? ಆತಾ ಪಳ." ಊಟ ಆಯ್ತಾ? ಈಗ ಓಡು.

ಇದನ್ನು ಕಾಕಾ ನಮ್ಮ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದರು. ಅವರ ಕೈಯಲ್ಲಿ ಪತ್ರಿಕೆ ಇತ್ತು.

"ಒಳಗ ಬರ್ರಿ ಕಾಕಾ, ಕುಂದ್ರಿ," ಅಂದೆ.

ಹುಟ್ಟಿದಾಗಿನಿಂದ ನನ್ನನ್ನು ಕನ್ನಡದಲ್ಲಿ "ನೀ" ಅಂತಿದ್ದ ಕಾಕಾ ಚಪ್ಪಲಿ ಮೆಟ್ಟುತ್ತ ಮರಾಠಿಯಲ್ಲಿ ಹೇಳಿದರು: "ನಕೋ. ತುಮ್ಹೀ ಬಸಾ." ಬೇಡ, ನೀವು ಕೂತ್ಕೊಳ್ಳಿ. ಸಾಯುವವರೆಗೂ ನಾನು ಅವರಿಗೆ "ತುಮ್ಹೀ" ಆಗಿಯೇ ಉಳಿದೆ.