ಬೋಲ್ಟಿನ ದಾರಿ ತಿದ್ದಿದ ವೆಂಕಟೇಶಪ್ಪನವರು

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಡೀಸೆಲ್ ಇಂಜಿನ್ ಬಿಚ್ಚಿ ಕೂಡಿಸುವವರಿಗೆ ಬರವಿಲ್ಲ. ಆದರೆ ಹಳೆಯದನ್ನು ಕಿತ್ತೆಸೆದು ಹೊಸದನ್ನು ಕೂರಿಸುವುದೇ ದುರಸ್ತಿ ಎನಿಸಿಕೊಂಡಿರುವ ಈ ದಿನಗಳಲ್ಲಿ, ಬೋಲ್ಟಿನ ಮೈಮೇಲೂ ಅದು ಇಳಿಯುವ ತೂತಿನ ಒಳಗೂ ಸುತ್ತಿಕೊಂಡಿರುವ ಥ್ರೆಡ್ಡನ್ನು ತೊಳೆದು, ತಿದ್ದಿ, ಪೂರ್ತಿ ಹಾಳಾಗಿದ್ದರೆ ಹೊಸದಾಗಿ ಕಟ್ಟಿ, ಇಂಜಿನ್ನಿನ ಆಯುಷ್ಯ ಬೆಳೆಸುವ ಕೆಲಸವನ್ನು ವ್ರತದಂತೆ ನಡೆಸಿಕೊಂಡು ಬಂದವರು ವಿರಳ. ಅಂಥ ವಿರಳರಲ್ಲೊಬ್ಬರು, ನಮ್ಮ ಜನರೇಟರ್ ದುರಸ್ತಿ ಕಾರ್ಖಾನೆಯ ಇಂಜಿನ್ ವಿಭಾಗದ ಮೇಸ್ತ್ರಿ ಶ್ರೀ ವೆಂಕಟೇಶಪ್ಪನವರು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಆನೇಕಲ್ ಕಡೆಯ ರಾಗಿ ಬೆಳೆಯುವ ಮನೆತನ ಅವರದು. ಹೊಲದಂಚಿನ ಬಾವಿಯ ಮೇಲೆ ಕೂತಿದ್ದ ಡೀಸೆಲ್ ಪಂಪ್‌ಸೆಟ್ಟೇ ಅವರ ಮೊದಲ ಪಾಠಶಾಲೆ. ಐಟಿಐ ಮುಗಿಸಿ ಕಾರ್ಖಾನೆಗೆ ಬಂದ ಕಾಲದಲ್ಲಿ ಎರಡು ಶೆಡ್ಡುಗಳ ನಡುವೆ ಇನ್ನೂ ಅವರೆ ಹೊಲವಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವರೆಕಾಯಿಯ ಸೊಗಡು ಬರುತ್ತಿತ್ತು ಎಂದು ಈಗಲೂ ಹೇಳುತ್ತಾರೆ. ಆ ಹೊಲಗಳು ಹೋದವು, ಅಲ್ಲಿ ಔಷಧಿ ಕಾರ್ಖಾನೆಗಳು ಎದ್ದವು. ವೆಂಕಟೇಶಪ್ಪನವರು ಮಾತ್ರ ಉಳುವವನು ಸಾಲು ಬಿಡದಂತೆ ತಮ್ಮ ಕೆಲಸದ ಸಾಲನ್ನು ಬಿಡದೆ ನಡೆದರು.

ಅವರ ವಿಭಾಗಕ್ಕೆ ಹೊಸಬರು ಯಾರೇ ಬರಲಿ, ಮೊದಲ ಕೆಲಸ ಒಂದೇ. ಹಳೆಯ ಬೋಲ್ಟೊಂದನ್ನು ವೈಸಿಗೆ ಕಚ್ಚಿಸಿ, ಅದರ ಉದ್ದಕ್ಕೂ ಹ್ಯಾಕ್ಸಾದಿಂದ ಸೀಳುಗೆರೆ ಕೊಯ್ದು, ತೂತಿನ ಕೊಳೆ ತೆಗೆಯುವ ಸಾಧನವನ್ನು ತಾವೇ ಮಾಡಿಕೊಳ್ಳಬೇಕು. ಅದನ್ನು ಒಳಕ್ಕೆ ತಿರುಗಿಸಿದರೆ ಮಸಿ, ಜಂಗು, ಹಳೆಯ ಅಂಟು ಆ ಗೆರೆಗಳಲ್ಲಿ ತುಂಬಿಕೊಂಡು ಹೊರಬರುತ್ತದೆ, ಥ್ರೆಡ್ಡಿನ ಕಬ್ಬಿಣ ಸವೆಯುವುದಿಲ್ಲ. ಥ್ರೆಡ್ಡು ಕೊಯ್ಯುವ ಟ್ಯಾಪೆಂಬ ಹತಾರವನ್ನು ಬರೀ ಶುಚಿಗೆಂದು ಎತ್ತಿಕೊಂಡವರನ್ನು ಕಂಡರೆ ಅವರಿಗಾಗದು. "ಹಲ್ಲುಜ್ಜಕ್ಕೆ ಅರ ತಗತೀಯೇನೋ?" ಎನ್ನುತ್ತಿದ್ದರು. ಬೋಲ್ಟು ಮೊದಲು ಬರಿಯ ಬೆರಳಲ್ಲಿ ತಳದವರೆಗೂ ಇಳಿಯಬೇಕು, ಸ್ಪ್ಯಾನರಿನ ಸರದಿ ಆಮೇಲೆ ಎಂಬುದು ಅವರ ಕಟ್ಟಳೆ. ಈ ಕಟ್ಟಳೆಯನ್ನು ಒಮ್ಮೆ ಮೀರಿದವರಿಗೆ ಅವರು ಹೇಗೆ ಒದಗಿದರು ಎಂಬುದನ್ನು ಇಲ್ಲಿ ಹೇಳಿದರೆ, ಬೇರೆ ಗುಣಗಾನ ಬೇಕಾಗದು.

ವಿಜಯಪುರ ಜಿಲ್ಲೆಯಿಂದ ತಾಯಿ ಮಲಕವ್ವನ ಜೊತೆ ಬಂದು ಬೊಮ್ಮಸಂದ್ರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಭಾಗ್ಯಶ್ರೀ, ನಮ್ಮ ವಿಭಾಗಕ್ಕೆ ಬಂದ ಮೊದಲ ಹೆಣ್ಣುಮಗಳು. ತಾಯಿ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದರು. ಮಗಳ ತರಬೇತಿಯ ಅವಧಿ ಹೋದ ವರ್ಷದ ದಸರೆಯ ತಿಂಗಳಲ್ಲೇ ಮುಗಿಯಲಿತ್ತು. ಕೆಲಸ ಕಾಯಂ ಆಗದಿದ್ದರೆ ತಾಯಿಯ ಪಕ್ಕದಲ್ಲಿ ತಾನೂ ಇಟ್ಟಿಗೆಯ ಬುಟ್ಟಿ ಹಿಡಿಯಬೇಕಾದೀತೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬಕ್ಕೆ ಮುಂಚೆ ಆಕೆ ಒಂದು ಜನರೇಟರ್ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಇಳಿಸಿ, ಕೆಳಗಿನ ಬ್ಲಾಕಿನ ಬೋಲ್ಟು ತೂತುಗಳನ್ನೆಲ್ಲ ಒಪ್ಪವಾಗಿ ತೊಳೆದಿಟ್ಟಿದ್ದಳು. ಅಷ್ಟರಲ್ಲಿ ಆಯುಧ ಪೂಜೆ ಬಂತು.

"ಬಾಯಿ ತೆರ್ಕಂಡು ಕುಂತಿರೋ ಇಂಜಿನ್ನಿಗೂ ಪೂಜೆ ಆಗ್ಬೇಕು ಕಣವ್ವಾ, ಅದೊಂದನ್ನ ಬುಟ್ಬುಡ್ಬೇಡ" ಎಂದರು ವೆಂಕಟೇಶಪ್ಪನವರು. ಆಕೆ ಬಿಡಲಿಲ್ಲ. ತನ್ನೂರಿನ ರೂಢಿಯಂತೆ ದೇವರ ಮೇಲೆ ಅರಿಶಿನದ ಭಂಡಾರ ಎರಚುವ ಹಾಗೆ, ಆ ಬ್ಲಾಕಿನ ಮೇಲೂ ಕೈತುಂಬ ಎರಚಿದಳು.

"ಏನ್ ಭಾಗ್ಯಕ್ಕ, ಇಂಜಿನ್ನಿಗೆ ಮದುವೆ ಅರಿಶಿನಾನಾ? ಗಂಡು ಯಾರು?" ಎಂದ ಪಕ್ಕದ ಬೆಂಚಿನ ವಸಂತ್.

"ಯಾರೂ ಒಪ್ಪವಲ್ರಪಾ. ನೀನ ಬಂದು ನಿಂದ್ರು" ಎಂದಳು ಭಾಗ್ಯಶ್ರೀ. ಎಲ್ಲರೂ ನಕ್ಕರು, ಮಂಡಕ್ಕಿ ಹಂಚಿಕೊಂಡು ಮನೆಗೆ ಹೋದರು.

ರಜೆ ಮುಗಿದು ಬಂದವಳು ಬ್ಲಾಕಿನ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದಳು. ತೂತುಗಳನ್ನು ಹಬ್ಬಕ್ಕೆ ಮೊದಲೇ ತೊಳೆದಿದ್ದೆನಲ್ಲ ಎಂಬ ಧೈರ್ಯ. ಒರೆಸಿದ ಭಂಡಾರವೆಲ್ಲ ಒಳಗಿಳಿದಿದ್ದು ಗಮನಕ್ಕೆ ಬರಲಿಲ್ಲ. ಹೆಡ್ಡನ್ನು ಮತ್ತೆ ಕೂರಿಸಿ, ಬೋಲ್ಟುಗಳಿಗೆ ಎಣ್ಣೆ ಸವರಿ ಇಳಿಸಿದಳು. ಅರಿಶಿನವೂ ಎಣ್ಣೆಯೂ ತಳದಲ್ಲಿ ಹಿಟ್ಟಿನಂತೆ ಕಲಸಿಕೊಂಡವು. ಒಂದು ಬೋಲ್ಟು ಅರ್ಧಕ್ಕೇ ಬಿಗಿಯಿತು. ಬೆರಳಿಗೆ ಒಪ್ಪದ್ದನ್ನು ಸ್ಪ್ಯಾನರಿಗೆ ಒಪ್ಪಿಸಿದಳು, ಅದಕ್ಕೂ ಜಗ್ಗದಿದ್ದಾಗ ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ ಮೈಭಾರ ಬಿಟ್ಟಳು. ಕೈಯೊಳಗಿನ ಬಿಗಿ ಒಮ್ಮೆಲೇ ಸಡಿಲವಾಯಿತು.

"ಸರ, ಬೋಲ್ಟ್ ಸುಮ್ನ ತಿರಗಾಕತ್ತೈತ್ರೀ. ಹಿಡಿಯವಲ್ದು."

ವೆಂಕಟೇಶಪ್ಪನವರು ಬೋಲ್ಟನ್ನು ಎತ್ತಿದರು. ಅದರ ಮೈಗೆ ತೂತಿನ ಥ್ರೆಡ್ಡು ತಂತಿಯಂತೆ ಸುತ್ತಿಕೊಂಡು ಬಂತು. ಅದರ ತುದಿಗೆ ಮೆತ್ತಿದ್ದನ್ನು ಬೆರಳಲ್ಲಿ ತೆಗೆದು ಮೂಸಿದರು.

"ಪೈಪ್ ಹಾಕ್ದ್ಯಾ?"

"ಹಾಕಿದ್ನ್ರೀ."

"ಅರಿಶಿನ ಕಣವ್ವಾ ಇದು."

ಭಾಗ್ಯಶ್ರೀಗೆ ಹೋದ ಥ್ರೆಡ್ಡಿಗಿಂತ ದೊಡ್ಡ ಭಯ ಬೇರೆಯಿತ್ತು. ತಳದಲ್ಲಿ ಸಿಕ್ಕಿಕೊಂಡ ಎಣ್ಣೆ ದಾರಿ ಕಾಣದೆ ಒತ್ತಿದರೆ ಎರಕದ ಕಬ್ಬಿಣ ಸೀಳಬಲ್ಲದು. ಬ್ಲಾಕು ಸೀಳಿದ್ದರೆ ಗಿರಾಕಿಯ ಇಂಜಿನ್ನೂ ಹೋಯಿತು, ತನ್ನ ಕೆಲಸವೂ ಹೋಯಿತು.

ಮ್ಯಾನೇಜರ್ ಭಾನುಪ್ರಕಾಶ್ ಅವರು ಬಂದು ನಿಂತರು. "ಒಡೆದಿದ್ಯಾ, ವೆಂಕಟೇಶಪ್ಪ?"

"ಇನ್ನೂ ನೋಡಿಲ್ಲ ಸಾರ್. ಪೂಜೆ ಮಾಡು ಅಂದೋನು ನಾನು. ತೂತಿಗೆ ಬಟ್ಟೆ ತುರುಕಿ ಮಾಡು ಅನ್ನೋದ ಮರ್ತೋನೂ ನಾನೇ. ತಪ್ಪು ಅಂತ ಬರೆಯಂಗಿದ್ರೆ ನನ್ನೆಸ್ರೂ ಸೇರ್ಸಿ."

"ಬರೆಯೋದು ಹಾಗಿರ್ಲಿ. ಮೊದ್ಲು ಬ್ಲಾಕ್ ನೋಡಿ. ಸೀಳಿದ್ರೆ ನಾನೂ ಏನೂ ಹೇಳೋಕಾಗಲ್ಲ" ಎಂದು ಅವರು ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತರು. ಅವರ ಮುಖದಲ್ಲೂ ಕಳವಳವೇ ಇತ್ತು.

ಹೆಡ್ಡನ್ನು ಮತ್ತೆ ಬಿಚ್ಚಿ ಇಳಿಸಿದರು. ವೆಂಕಟೇಶಪ್ಪನವರು ತೂತಿನ ಸುತ್ತ ಎಣ್ಣೆಯ ಪಸೆ ಇಲ್ಲದಂತೆ ತೊಳೆದು, ಬಿರುಕಿದ್ದರೆ ಅದರೊಳಕ್ಕೆ ಇಂಗುವ ಕೆಂಪು ಬಣ್ಣ ಸಿಂಪಡಿಸಿದರು. ನೆನೆಯಲು ಬಿಟ್ಟು, ಒರೆಸಿ, ಮೇಲೆ ಬಿಳಿಯ ಪುಡಿ ಹಾಯಿಸಿದರು. ಬಿರುಕಿದ್ದರೆ ಆ ಬಿಳುಪಿನಲ್ಲಿ ಕೆಂಪು ಗೆರೆ ಮೂಡಬೇಕು. ವಸಂತನೂ ಕೈಯೊರೆಸಿಕೊಳ್ಳುತ್ತ ಬಂದು ನಿಂತ, ತಮಾಷೆ ಮಾಡಲಿಲ್ಲ. ಭಾಗ್ಯಶ್ರೀ ಆ ಬಿಳುಪನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸಿದಾಗಲೆಲ್ಲ ಅಲ್ಲಿ ಗೆರೆಯೊಂದು ಕಂಡಂತಾಗುತ್ತಿತ್ತು, ಮತ್ತೆ ನೋಡಿದರೆ ಇರುತ್ತಿರಲಿಲ್ಲ. ಬಹಳ ಹೊತ್ತಾದರೂ ಬಿಳಿ ಬಿಳಿಯಾಗಿಯೇ ಉಳಿಯಿತು. ವೆಂಕಟೇಶಪ್ಪನವರು ಟಾರ್ಚು ಹಿಡಿದು ತೂತಿನ ಸುತ್ತಲೂ ಇನ್ನೊಮ್ಮೆ ನೋಡಿದರು.

"ಉಳ್ಕಂತು" ಎಂದರು.

ಭಾಗ್ಯಶ್ರೀ ಕೆಳಗೆ ಕೂತು ಬಿಕ್ಕಿದಳು. ವಸಂತ್ ನೀರಿನ ಬಾಟಲಿ ಚಾಚಿದ. "ಕುಡೀರಿ ಅಕ್ಕ. ಮದುಮಗಳು ಗಟ್ಟಿ ಪಿಂಡ."

ಈ ನಾಡಿನಲ್ಲಿ ಹಿರಿಯ ಕೆಲಸಗಾರರು ಇಂಥ ಹೊತ್ತಿನಲ್ಲಿ ಕಿರಿಯರನ್ನು ಪಕ್ಕಕ್ಕೆ ಸರಿಸಿ ತಾವೇ ಕೈಹಾಕುವುದು ವಾಡಿಕೆ. ವೆಂಕಟೇಶಪ್ಪನವರು ಮಾತ್ರ ಡ್ರಿಲ್ಲನ್ನು ಅವಳ ಕೈಗೇ ಕೊಟ್ಟರು.

"ನಾ ಒಲ್ಲೆರೀ ಸರ. ಮತ್ತ ಕೆಡಿಸಿದ್ರ?"

"ನಾನ್ ಮಾಡಿದ್ರೆ ಇಂಜಿನ್ ಸರಿಯಾಯ್ತದೆ, ನಿನ್ ಕೈಯಾಗಿನ್ ಭಯ ಅಂಗೇ ಇರ್ತದೆ. ಇಡ್ಕೋ. ಓರೆ ಆದ್ರೆ ಯೋಳ್ತೀನಿ."

ಅವರು ಡ್ರಿಲ್ಲು ವಾಲದಂತೆ ಉಕ್ಕಿನ ಬಳೆಯಂಥ ಬುಷ್ಷೊಂದನ್ನು ತೂತಿನ ಮೇಲಿಟ್ಟು ಅದುಮಿ ಹಿಡಿದರು. ಆಕೆ ಹಾಳಾದ ತೂತನ್ನು ಅಗಲಿಸಿದಳು. ದೊಡ್ಡ ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಚೂರು ಹಿಂದಕ್ಕೆ ತಿರುಗಿಸುತ್ತ ಹೊಸ ಥ್ರೆಡ್ಡು ಕೊಯ್ದಳು. ಅದರೊಳಗೆ ಗಟ್ಟಿ ತಂತಿಯ ಸುರುಳಿಯನ್ನು ಕೂರಿಸಿದಳು. ಈಗ ಹಳೆಯ ಅಳತೆಯ ಬೋಲ್ಟೇ ಆ ಸುರುಳಿಯೊಳಗೆ ಹಿಡಿಯಬೇಕು. ಆಮೇಲೆ ಉಳಿದ ತೂತುಗಳ ಸರದಿ. ಒಂದೊಂದರಿಂದಲೂ ಹಳದಿ ಮುದ್ದೆ ಎದ್ದು ಬಂತು. ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಊದಿ, ಪ್ರತಿಯೊಂದು ಬೋಲ್ಟನ್ನೂ ಬೆರಳಲ್ಲಿ ತಳದವರೆಗೆ ಇಳಿಸಿ ನೋಡಿದಳು. ಹೆಡ್ ಕೂತಿತು. ತಕ್ಕ ಬಿಗಿ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚು ಸುರುಳಿಯೊಳಗಿನ ಬೋಲ್ಟಿನ ಮೇಲೆ 'ಟಕ್' ಎಂದು ನಿಂತಿತು, ಬಿಗಿ ಸಡಿಲಲಿಲ್ಲ.

ಮರುದಿನ ಪೂರ್ತಿ ಲೋಡಿನ ಮೇಲೆ ಇಂಜಿನ್ ಓಡಿತು. ರೇಡಿಯೇಟರಿನ ನೀರಲ್ಲಿ ಗುಳ್ಳೆಯಿಲ್ಲ, ಎಣ್ಣೆ ಒಸರಲಿಲ್ಲ. ಭಾನುಪ್ರಕಾಶ್ ಅವರು ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳಿ, "ಕಳಿಸಿ" ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಭಾಗ್ಯಶ್ರೀ, ಬರೋ ತಿಂಗಳಿಂದ ನೀವು ಕಾಯಂ. ಇನ್ಮೇಲೆ ಪೈಪ್ ಬೇಡ" ಎಂದರು. ಆಕೆ ಫೋನು ಮಾಡಿ ತಾಯಿಗೆ ಹೇಳಿದ್ದು ಇಷ್ಟೇ: "ಎವ್ವಾ, ನಾ ಇಲ್ಲೇ ಇರತೀನಿ. ನೀ ಹೊಟ್ಟಿ ತುಂಬ ಉಣ್ಣು."

ಇಂದು ವೆಂಕಟೇಶಪ್ಪನವರ ಬೆಂಚನ್ನು ವಹಿಸಿಕೊಳ್ಳುತ್ತಿರುವವರು ಇದೇ ಭಾಗ್ಯಶ್ರೀ. ಯಾರ ಕೈಗೆ ಬಿಟ್ಟು ಹೋಗಲಿ ಎಂಬ ಚಿಂತೆ ಕೆಲವು ವರ್ಷಗಳಿಂದ ಅವರನ್ನು ಕಾಡುತ್ತಿದ್ದುದನ್ನು ಬಲ್ಲ ನಮಗೆಲ್ಲ, ಅವರ ಮುಖದ ಈಗಿನ ನಿರಾಳವೇ ಈ ಬೀಳ್ಕೊಡುಗೆಯ ಭಾರವನ್ನು ಹಗುರ ಮಾಡಿದೆ. ಊರಿನ ಮನೆಯ ಹಿಂದೆ ಅವರು ಆಗಲೇ ಶೀಟು ಹೊದಿಸಿ ಒಂದು ಸಣ್ಣ ಶೆಡ್ಡು ಹಾಕಿಸಿದ್ದಾರೆಂದು, ಸುತ್ತಲಿನ ಟಿಲ್ಲರುಗಳು, ಔಷಧಿ ಹೊಡೆಯುವ ಯಂತ್ರಗಳು ಅಲ್ಲಿಗೆ ಬರತೊಡಗಿವೆಯೆಂದು ಕೇಳಿದ್ದೇವೆ. ಮಡದಿ ವನಜಾ ಅವರೊಂದಿಗೆ ಅವರು ದೀರ್ಘಕಾಲ ಗಟ್ಟಿಯಾಗಿ ಬಾಳಲಿ. ಕಣ್ಣಿನ ಬೆಳಕೂ ಬೆರಳಿನ ಸೂಕ್ಷ್ಮವೂ ಅವರನ್ನು ಬಿಡದಿರಲಿ. ಆ ಶೆಡ್ಡಿನ ಮುಂದೆ ಸದಾ ಒಂದಲ್ಲ ಒಂದು ಕೆಟ್ಟ ಇಂಜಿನ್ ಸರದಿ ಕಾಯುತ್ತಿರಲಿ, ಸರಿಹೋಗಿ ಹೊರಟ ಇಂಜಿನ್ನಿನ ಸದ್ದು ಹೊಲದಾಚೆ ಕರಗುವ ಮೊದಲೇ ಇನ್ನೊಂದು ಬಂದು ನಿಲ್ಲಲಿ.